ಕಥೆ ನಿಂತುಹೋಗಿದೆ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಕೊಳವೆಬಾವಿಯಿಂದ ನೀರು ಬರುತ್ತಿಲ್ಲ ಎಂದರೆ ಅನುಭವವಿರುವವರು ಯಾರೂ ಅಂದೇ ಹೊಸ ಬಾವಿ ಕೊರೆಸಲು ಲಾರಿ ಕರೆಸುವುದಿಲ್ಲ. ಕರೆಂಟ್ ಮೂರು ಫೇಸ್ ಇದೆಯೇ, ಸ್ಟಾರ್ಟರ್ ಟ್ರಿಪ್ ಆಗಿದೆಯೇ, ಪೈಪ್ ಎಲ್ಲಾದರೂ ಬಿಟ್ಟುಕೊಂಡಿದೆಯೇ ಎಂದು ನೋಡುತ್ತಾರೆ. ನೀರೇ ಬತ್ತಿದೆ ಎಂಬುದು ಎಲ್ಲಕ್ಕಿಂತ ಕೊನೆಯ ತೀರ್ಮಾನ. ಕಥೆ ಬರೆಯುವುದು ನಿಂತಾಗ ಮಾತ್ರ ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ‘ನನ್ನಲ್ಲಿದ್ದದ್ದು ಮುಗಿಯಿತು’ ಎಂಬ ಕೊನೆಯ ತೀರ್ಮಾನದಿಂದಲೇ ತಪಾಸಣೆ ಆರಂಭಿಸುತ್ತೇವೆ.

ಈ ಬರಹ ಹಿಂದೆ ಬರೆಯುತ್ತಿದ್ದವರಿಗಾಗಿ. ನಾಲ್ಕಾರು ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿವೆ, ಬಹುಶಃ ಒಂದು ಸಂಕಲನವೂ ಆಗಿದೆ, ಆಮೇಲೆ ವರ್ಗಾವಣೆ, ಮಕ್ಕಳ ಶಾಲೆ, ಮನೆ ಸಾಲ ಎಂದು ವರ್ಷಗಳು ಉರುಳಿವೆ. ಇಂಥವರಿಗೆ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ: ದಿನವೂ ಬರೆಯಿರಿ. ಸಲಹೆಯಲ್ಲಿ ತಪ್ಪಿಲ್ಲ, ಆದರೆ ಅದು ಒಂದು ದೋಷಕ್ಕೆ ಮಾತ್ರ ಮದ್ದು. ಬೇರೆ ದೋಷವಿರುವವರು ಅದನ್ನು ಪಾಲಿಸಲು ಹೋದರೆ ದಿನವೂ ಸೋಲುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಮೇಜಿನ ಹತ್ತಿರ ಹೋಗುವುದಕ್ಕೂ ಅಂಜುತ್ತಾರೆ. ಏಕೆ ನಿಂತಿತು ಎಂದು ಕೊರಗುವ ಮೊದಲು ಎಲ್ಲಿ ನಿಲ್ಲುತ್ತಿದೆ ಎಂದು ನೋಡಬೇಕು.

ಮೊದಲ ತಪಾಸಣೆ: ಇದು ದೋಷವೇ?

ಕುವೆಂಪು ಅವರ ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಎರಡನೆಯದಾದ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ನಡುವೆ 31 ವರ್ಷ. ಕಾದಂಬರಿಯ ಲೆಕ್ಕವನ್ನಷ್ಟೇ ಇಟ್ಟವರಿಗೆ ಇದು ದೊಡ್ಡ ಬರಗಾಲ. ಆದರೆ ಆ ಅವಧಿಯಲ್ಲೇ ‘ಶ್ರೀ ರಾಮಾಯಣ ದರ್ಶನಂ’ ಬಂತು, ನಾಟಕ, ವಿಮರ್ಶೆಗಳು ಬಂದವು, ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ನಮ್ಮನ್ನು ಅವರೊಂದಿಗೆ ಹೋಲಿಸಿಕೊಳ್ಳುವ ಧೈರ್ಯ ಯಾರಿಗೂ ಬೇಡ, ಲೆಕ್ಕ ಮಾತ್ರ ಕಲಿಯೋಣ. ಕಥೆ ನಿಂತಿದ್ದರೂ ನೀವು ಅಂಕಣ ಬರೆಯುತ್ತಿದ್ದೀರಿ, ಅನುವಾದ ಮಾಡುತ್ತಿದ್ದೀರಿ, ಮಗಳಿಗೆ ರಾತ್ರಿ ಹೊಸ ಹೊಸ ಕಥೆ ಕಟ್ಟಿ ಹೇಳುತ್ತಿದ್ದೀರಿ ಎಂದಾದರೆ ಕೆಟ್ಟದ್ದು ಏನೂ ಇಲ್ಲ. ಕೈ ಬೇರೆ ಕೆಲಸದಲ್ಲಿದೆ, ಅಷ್ಟೇ.

ಇನ್ನೊಂದು ಸಾಧ್ಯತೆಯನ್ನೂ ಇಲ್ಲೇ ನೋಡಿಬಿಡಬೇಕು. ಬರೆಯುವುದರ ಜೊತೆಗೆ ಓದು, ಊಟ, ಹಾಡು, ಗೆಳೆಯರ ಮಾತು ಎಲ್ಲವೂ ಸಪ್ಪೆಯಾಗಿದೆ, ನಿದ್ದೆ ಕೆಟ್ಟಿದೆ, ಎರಡು ವಾರ ಕಳೆದರೂ ಹಾಗೆಯೇ ಇದೆ ಎಂದರೆ ಅದು ಕಥೆಯ ಸಮಸ್ಯೆಯಲ್ಲ. ವೈದ್ಯರ ಬಳಿ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಕಥೆ ಕಾಯುತ್ತದೆ.

ಇಪ್ಪತ್ತು ನಿಮಿಷದ ಪರೀಕ್ಷೆ

ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಕಥೆ ಬರೆಯಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೋಣೆಗೆ ಇಬ್ಬರನ್ನು ಕರೆತನ್ನಿ. ಅವರಲ್ಲಿ ಒಬ್ಬರಿಗೆ ಇನ್ನೊಬ್ಬರಿಂದ ದುಡ್ಡು ಬರಬೇಕಿದೆ. ಇಷ್ಟೇ ಸಾಮಗ್ರಿ. ಚೆನ್ನಾಗಿ ಬಂತೇ ಎಂದು ನೋಡುವುದು ಬೇಡ, ಎಲ್ಲಿ ತಡೆಯಿತು ಎಂಬುದನ್ನಷ್ಟೇ ಗುರುತಿಸಿ. ಇಪ್ಪತ್ತು ನಿಮಿಷ ಸಿಗಲೇ ಇಲ್ಲವೇ? ಮೊದಲ ವಾಕ್ಯವನ್ನೇ ಹೊಡೆದುಹಾಕುತ್ತಾ ಕುಳಿತಿರೇ? ಒಂದೂವರೆ ಪುಟ ಸಲೀಸಾಗಿ ಸಾಗಿ ಆಮೇಲೆ ಗೋಡೆ ಎದುರಾಯಿತೇ? ಅಥವಾ ಮುಗಿಯಿತು, ಆದರೆ ಓದಿದರೆ ಯಾರೋ ಬರೆದದ್ದು ಎನಿಸಿತೇ? ಒಂದೊಂದಕ್ಕೂ ಕಾರಣ ಬೇರೆ, ರಿಪೇರಿಯೂ ಬೇರೆ.

ಲಕ್ಷಣ 1: ಕುಳಿತುಕೊಳ್ಳುವುದೇ ಆಗುತ್ತಿಲ್ಲ

ಇದನ್ನು ಸೋಮಾರಿತನ ಎಂದು ಬೈದುಕೊಳ್ಳುವುದು ಸುಲಭ. ಬಹಳ ಸಲ ಇಲ್ಲಿ ಕೆಟ್ಟಿರುವುದು ಮನಸ್ಸಲ್ಲ, ಉಪಕರಣ. ಹಿಂದೆ ನೀವು ಯಾವುದರಲ್ಲಿ ಬರೆಯುತ್ತಿದ್ದಿರಿ ಎಂದು ನೆನಪು ಮಾಡಿಕೊಳ್ಳಿ. ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಇತ್ತು, ಬೆರಳಿಗೆ ಆ ಕೀಲಿಮಣೆ ಗೊತ್ತಿತ್ತು. ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಕನ್ನಡ ಹಾಕಿಸಿಕೊಳ್ಳಲೇ ಇಲ್ಲ. ಈಗ ಕನ್ನಡ ಟೈಪ್ ಮಾಡುವುದು ಮೊಬೈಲಿನಲ್ಲಿ ಮಾತ್ರ, ಅದೂ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಬಗೆಯಲ್ಲಿ. ಅಂಥ ಕೀಲಿಮಣೆ ಮೂರು ಅಕ್ಷರ ಒತ್ತುವಷ್ಟರಲ್ಲಿ ಎಲ್ಲರೂ ಬಳಸುವ ಪದವನ್ನು ಮುಂದೆ ಚಾಚುತ್ತದೆ. ನಿಮ್ಮ ಊರಿನ ಪದ ಅದರ ಪಟ್ಟಿಯಲ್ಲಿ ಇರುವುದಿಲ್ಲ, ಅವಸರದಲ್ಲಿ ನೀವು ಅದು ಕೊಟ್ಟದ್ದನ್ನೇ ಒಪ್ಪಿಕೊಳ್ಳುತ್ತೀರಿ. ಹತ್ತು ವಾಕ್ಯ ಹೀಗೆ ಬರೆದ ಮೇಲೆ ಅದು ನಿಮ್ಮ ಕನ್ನಡವಾಗಿ ಉಳಿದಿರುವುದಿಲ್ಲ, ಬೇಸರ ಬಂದು ಕೈಬಿಡುತ್ತೀರಿ.

ಪರಿಹಾರ ಅರ್ಧ ಗಂಟೆಯ ಕೆಲಸ. ವಿಂಡೋಸ್‌ನ ಭಾಷಾ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿಕೊಳ್ಳಬಹುದು. ಹಳೆಯ ವಿನ್ಯಾಸವೇ ಬೇಕೆಂದರೆ, ಎಫ್ ಕೀಲಿಯಿಂದ ಒತ್ತಕ್ಷರ ಬರುವ ಕೆ.ಪಿ. ರಾವ್ ವಿನ್ಯಾಸವನ್ನು ಯೂನಿಕೋಡ್‌ನಲ್ಲಿ (ಈಗಿನ ಯಂತ್ರಗಳೆಲ್ಲ ಓದುವ ಅಕ್ಷರ ಸಂಕೇತದಲ್ಲಿ) ಕೊಡುವ ತಂತ್ರಾಂಶಗಳಿವೆ. ಅದನ್ನು ಹಾಕಿಕೊಳ್ಳಿ. ಬೆರಳು ವಾರದೊಳಗೆ ಹಳೆಯದನ್ನು ನೆನಪಿಸಿಕೊಳ್ಳುತ್ತದೆ. ಕೈಯಲ್ಲೇ ಬರೆಯುತ್ತಿದ್ದವರಾದರೆ ನೋಟ್‌ಪುಸ್ತಕಕ್ಕೇ ಮರಳಿ. ದುಬಾರಿ ಡೈರಿ ಕೊಳ್ಳಬೇಡಿ, ಅದರಲ್ಲಿ ಗೀಚಲು ಮನಸ್ಸು ಬರುವುದಿಲ್ಲ.

ಹಳೆಯ ಕಡತಗಳ ವಿಷಯವೂ ಇಲ್ಲಿಯೇ ಬರುತ್ತದೆ. ಅರ್ಧಕ್ಕೆ ಬಿಟ್ಟ ಕಥೆಯನ್ನು ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ಕಡತ ಕೆಟ್ಟಿತು ಎಂದು ಎಷ್ಟೋ ಜನ ಅಳಿಸಿಯೇ ಬಿಟ್ಟಿದ್ದಾರೆ. ಅದು ಕೆಟ್ಟಿಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸಿ ತೋರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಸಂಕೇತ ಹೊರಗೆ ಕಾಣುತ್ತದೆ. ಫಾಂಟ್ ಹಾಕಿದರೆ ಕಥೆ ಮತ್ತೆ ಓದಲು ಸಿಗುತ್ತದೆ, ಪರಿವರ್ತಕದಲ್ಲಿ ಹಾಯಿಸಿದರೆ ಯೂನಿಕೋಡ್ ಆಗುತ್ತದೆ. ಪರಿವರ್ತನೆಯಾದ ಮೇಲೆ ಸೂರ್ಯ, ಮಾರ್ಗ, ಅರ್ಧ ಮುಂತಾದ ಅರ್ಕಾವತ್ತಿನ ಪದಗಳನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, ಎಡವಟ್ಟು ಹೆಚ್ಚಾಗಿ ಆಗುವುದು ಅಲ್ಲಿ. ಈ ಕೆಲಸಕ್ಕೆ ಕುಳಿತವರು ಅಕ್ಷರ ತಿದ್ದುತ್ತಾ ತಿದ್ದುತ್ತಾ ವಾಕ್ಯ ತಿದ್ದಲು ಶುರು ಮಾಡುವುದನ್ನು ನಾನು ಕಂಡಿದ್ದೇನೆ. ಮರಳಿ ಆರಂಭಿಸಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಗೊತ್ತಿಲ್ಲ.

ಉಪಕರಣ ಸರಿಯಿದ್ದೂ ಕುಳಿತುಕೊಳ್ಳಲು ಆಗುತ್ತಿಲ್ಲ ಎಂದಾದರೆ ಆಗ ‘ದಿನವೂ ಬರೆಯಿರಿ’ ಎಂಬ ಸಲಹೆ ನಿಮಗೇ. ಬೆಳಗಿನ ಐದು ಗಂಟೆಗೆ ಏಳುವ ಪ್ರತಿಜ್ಞೆ ಮಾಡಬೇಡಿ, ಮನೆಯಲ್ಲಿ ಈಗಾಗಲೇ ಇರುವ ಬಿಡುವನ್ನು ಹಿಡಿಯಿರಿ. ಮಗುವಿನ ಸಂಗೀತ ಪಾಠ ಮುಗಿಯುವವರೆಗೆ ಹೊರಗೆ ಕಾಯುವ ಮುಕ್ಕಾಲು ಗಂಟೆ ಸಾಕು.

ಲಕ್ಷಣ 2: ಮೊದಲ ವಾಕ್ಯ ದಾಟುವುದಿಲ್ಲ

ಬರೆಯದೆ ಇದ್ದ ವರ್ಷಗಳಲ್ಲಿ ನೀವು ಓದುವುದನ್ನು ಬಿಟ್ಟಿರಲಿಲ್ಲ. ರುಚಿ ಬೆಳೆದಿದೆ, ಕೈ ಅಲ್ಲೇ ನಿಂತಿದೆ. ಜೊತೆಗೆ ನಿಮ್ಮದೇ ಹಳೆಯ ಕಥೆಯೊಂದಕ್ಕೆ ಬಹುಮಾನ ಬಂದಿದ್ದರೆ ಹೊಸ ವಾಕ್ಯವನ್ನು ಆ ಅಚ್ಚಾದ ಕಥೆಯ ಪಕ್ಕದಲ್ಲಿಟ್ಟು ಅಳೆಯುತ್ತೀರಿ. ಇದು ಅನ್ಯಾಯದ ತಕ್ಕಡಿ. ಅಚ್ಚಾದದ್ದು ಮೂರೋ ನಾಲ್ಕೋ ಸಲ ತಿದ್ದಿದ ಪ್ರತಿ. ಅದರ ಕೈಬರಹದ ಮೊದಲ ಪ್ರತಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದರೆ ತೆಗೆದು ಓದಿ. ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕಿ ಮೂರನೆಯ ಪುಟದಿಂದ ಕಥೆ ಆರಂಭಿಸಿದ್ದು ಅಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ರಿಪೇರಿ: ಮೊದಲ ವಾಕ್ಯವನ್ನು ಬರೆಯಲೇಬೇಡಿ. ಜಗಳದ ನಡುವಿನಿಂದ ಶುರು ಮಾಡಿ. ಇಲ್ಲವೇ ಪಾತ್ರವೊಂದು ಬ್ಯಾಂಕ್ ಮ್ಯಾನೇಜರಿಗೆ ಬರೆದ ಅರ್ಜಿಯಾಗಿ ಬರೆಯಿರಿ. ‘ಇವರಿಗೆ, ಇವರಿಂದ, ವಿಷಯ’ ಎಂಬ ಚೌಕಟ್ಟು ಇದ್ದಾಗ ಸಾಹಿತ್ಯ ಬರೆಯುತ್ತಿದ್ದೇನೆ ಎಂಬ ಭಯ ಇರುವುದಿಲ್ಲ. ಬೇರೆ ಭಾಷೆಯ ಸಣ್ಣ ಕಥೆಯೊಂದನ್ನು ಅನುವಾದಿಸುವುದೂ ಕೈಗೆ ಒಳ್ಳೆಯ ಸಾಮು. ಕಲ್ಪಿಸುವ ಹೊರೆ ಇಲ್ಲದೆ ವಾಕ್ಯ ಕಟ್ಟುವ ಕೆಲಸ ನಡೆಯುತ್ತದೆ. ಕಥಾ ಕಮ್ಮಟಗಳು ಉಪಯೋಗಕ್ಕೆ ಬರುವುದು ಬಹುಮಟ್ಟಿಗೆ ಈ ದೋಷಕ್ಕೆ. ಅಲ್ಲಿ ಎಲ್ಲರೂ ಕೆಟ್ಟ ಮೊದಲ ಪ್ರತಿಯನ್ನು ಓದುತ್ತಾರೆ, ನಿಮ್ಮದಕ್ಕೂ ಜೊತೆ ಸಿಗುತ್ತದೆ. ಕುಳಿತುಕೊಳ್ಳಲು ಆಗದವರು ಕಮ್ಮಟಕ್ಕೆ ಹೋಗಿಬಂದರೆ ಕಮ್ಮಟದ ಬಗ್ಗೆ ಚೆನ್ನಾಗಿ ಮಾತನಾಡುತ್ತಾರೆ.

ಲಕ್ಷಣ 3: ಎರಡು ಪುಟವಾದ ಮೇಲೆ ನಿಲ್ಲುತ್ತದೆ

ನನಗೆ ತೋರಿಸಲು ಗೆಳೆಯರು ತರುವ ಅರ್ಧ ಕಥೆಗಳಲ್ಲಿ ಹೆಚ್ಚಿನವು ಈ ಜಾತಿಯವು. ಮೊದಲ ಎರಡು ಪುಟ ಸೊಗಸಾಗಿರುತ್ತವೆ, ಅದಕ್ಕೇ ದೋಷ ಬೇಗ ಸಿಕ್ಕುವುದಿಲ್ಲ. ಒಂದು ಮಾದರಿ ನೋಡೋಣ, ನಾನೇ ಕಟ್ಟಿದ್ದು:

‘ರಾಯರು ಜಗಲಿಯಲ್ಲಿ ಕುಳಿತು ಮಳೆಯನ್ನೇ ನೋಡುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಮೆರಿಕದಲ್ಲಿದ್ದ ಮಗ ಭಾನುವಾರಗಳಂದು ಫೋನ್ ಮಾಡುತ್ತಿದ್ದ. ಹಳೆಯ ನೆನಪುಗಳು ಒಂದರ ಹಿಂದೊಂದು ಒತ್ತರಿಸಿ ಬಂದವು.’

ವ್ಯಾಕರಣ ಸರಿಯಿದೆ, ಭಾವವೂ ಇದೆ. ಆದರೆ ರಾಯರು ಜಗಲಿಯಿಂದ ಏಳಲು ಒಂದು ಕಾರಣವೂ ಇಲ್ಲ. ನೆನಪುಗಳು ಎರಡು ಪುಟ ಬರುತ್ತವೆ, ಆಮೇಲೆ ಮಳೆ ನಿಲ್ಲುತ್ತದೆ, ಕಥೆಯೂ ನಿಲ್ಲುತ್ತದೆ. ಲೇಖಕರು ಇದನ್ನು ‘ಸ್ಫೂರ್ತಿ ಬತ್ತಿತು’ ಎಂದು ಓದಿಕೊಳ್ಳುತ್ತಾರೆ. ಅವರ ಕೈಯಲ್ಲಿದ್ದದ್ದು ಒಂದು ಸ್ಥಿತಿ. ಕಥೆ ಇನ್ನೂ ಹುಟ್ಟಿರಲಿಲ್ಲ.

ತಪಾಸಣೆಗೆ ಒಂದು ಚೀಟಿಯ ಮೇಲೆ ಬರೆಯಿರಿ: ಯಾರಿಗೆ ಏನು ಬೇಕು, ಎಂದಿನೊಳಗೆ ಬೇಕು, ಅಡ್ಡ ನಿಂತಿರುವುದು ಏನು. ರಾಯರಿಗೆ ಏನು ಬೇಕು? ‘ಪ್ರೀತಿ’ ಎಂದು ಬರೆದರೆ ಚೀಟಿ ಹರಿದುಹಾಕಿ. ಕೈಯಲ್ಲಿ ಹಿಡಿಯಬಹುದಾದದ್ದು ಬೇಕು. ತೋಟ ಹೆಂಡತಿಯ ಹೆಸರಿನಲ್ಲಿತ್ತು ಎಂದುಕೊಳ್ಳಿ. ಅದನ್ನು ಮಾರಬೇಕೆಂದರೆ ಮೊದಲು ಪೌತಿ ಖಾತೆಯಾಗಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು. ಅದಕ್ಕೆ ವಂಶವೃಕ್ಷ ಬೇಕು, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಆಸ್ತಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಾನ ವಾರಸುದಾರರು. ರಾಯರಿಗೆ ಒಬ್ಬ ಮಗಳೂ ಇದ್ದಾಳೆ. ಮನೆ ಬಿಟ್ಟು ಹೋದವಳು. ಇಷ್ಟು ಸೇರಿಸಿ ಮತ್ತೆ ಬರೆದರೆ:

‘“ಮಕ್ಕಳೆಷ್ಟು ಜನ, ರಾಯರೇ?”

“ಒಬ್ಬನೇ ಮಗ.”

ಗ್ರಾಮ ಲೆಕ್ಕಿಗರು ಬರೆದುಕೊಳ್ಳಲಿಲ್ಲ. ಅರ್ಜಿಯ ಅಡಿಯಲ್ಲಿದ್ದ ಹಳೆಯ ಪಡಿತರ ಚೀಟಿಯ ನಕಲನ್ನು ಎಳೆದು ರಾಯರ ಕಡೆಗೆ ತಿರುಗಿಸಿದರು. ನಾಲ್ಕನೆಯ ಸಾಲಿನಲ್ಲಿ ಬೆರಳಿಟ್ಟರು.

“ಹಾಗಾದರೆ ಇದು ಯಾರ ಹೆಸರು?”

ರಾಯರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಮಳೆ ಬರುವ ಹಾಗಿದೆ. ನಾಳೆ ಬರಲೇ?”’

(ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಜನರ ಬಾಯಲ್ಲಿ ಹಳೆಯದೇ ಉಳಿದಿದೆ.)

ಮುದುಕ ಅವನೇ, ಮಳೆ ಅದೇ. ಆದರೆ ಈಗ ರಾಯರು ನಾಳೆ ಬರಲೇಬೇಕು, ತೋಟ ಕೊಳ್ಳುವವನು ಮುಂಗಡ ಕೊಟ್ಟು ಕಾಯುತ್ತಿದ್ದಾನೆ. ಮಗಳ ಹೆಸರು ಬರೆಸಿದರೆ ಅವಳ ಸಹಿ ಬೇಕು, ಸಹಿ ಬೇಕೆಂದರೆ ಅವಳ ಮನೆಯ ಬಾಗಿಲು ತಟ್ಟಬೇಕು. ಅವಳು ಏಕೆ ಹೋದಳು ಎಂಬುದು ಬರೆಯುವವರಿಗೆ ಈಗಲೇ ತಿಳಿದಿರಬೇಕಾಗಿಲ್ಲ. ತಿಳಿಯದೆ ಇದ್ದರೆ ಇನ್ನೂ ಒಳ್ಳೆಯದು, ಅದನ್ನು ತಿಳಿಯಲಿಕ್ಕಾದರೂ ಮೂರನೆಯ ಪುಟಕ್ಕೆ ಹೋಗುತ್ತೀರಿ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವಿದೆ, ಅದು ಅಂಕಣ ಬರೆದು ಅಭ್ಯಾಸವಾದವರಲ್ಲಿ ಕಾಣಿಸುತ್ತದೆ. ಹೇಳಬೇಕಾದ ಅಭಿಪ್ರಾಯ ಮೊದಲೇ ಸಿದ್ಧವಾಗಿರುತ್ತದೆ, ಪಾತ್ರಗಳು ಅದನ್ನು ಒಬ್ಬರ ನಂತರ ಒಬ್ಬರು ಸಂಪಾದಕೀಯದ ಧಾಟಿಯಲ್ಲಿ ಹೇಳುತ್ತವೆ. ಎರಡು ಪುಟದಲ್ಲಿ ಹೇಳಿ ಮುಗಿಯುತ್ತದೆ, ಮುಂದೇನು ಎಂದು ತಿಳಿಯುವುದಿಲ್ಲ. ಕಥೆಯ ಅರ್ಥವನ್ನು ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆ, ಆ ವಾಕ್ಯವನ್ನು ನೀವು ಪೂರ್ತಿ ಒಪ್ಪುತ್ತೀರಿ ಎಂದಾದರೆ ಅದನ್ನು ಲೇಖನವಾಗಿ ಬರೆದು ಕೈತೊಳೆದುಕೊಳ್ಳಿ. ಕಥೆಗೆ ನೀವು ಒಪ್ಪದ ಪಾತ್ರವೊಂದು ಬೇಕು, ಅದರ ವಾದ ಗಟ್ಟಿಯಾಗಿಯೂ ಇರಬೇಕು.

ಲಕ್ಷಣ 4: ಮುಗಿಯಿತು, ಆದರೆ ಜೀವವಿಲ್ಲ

ಕಥೆಯ ಪ್ರತಿಯ ಮೇಲೆ ಒಂದು ಪರೀಕ್ಷೆ ಮಾಡಿ. ಅದರಲ್ಲಿ ಬರುವ ವಸ್ತುಗಳನ್ನೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ: ಒರಳು, ಹಂಡೆ, ಟ್ರಂಕು, ಟೈಂಪೀಸು. ಅವುಗಳಲ್ಲಿ ಕಳೆದ ಒಂದು ವರ್ಷದಲ್ಲಿ ನೀವು ಮುಟ್ಟಿದ್ದು ಎಷ್ಟು? ಒಂದೂ ಇಲ್ಲವೆಂದರೆ ಕಾರಣ ಸಿಕ್ಕಿತು. ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಬೇರೊಂದು ದೇಶದಲ್ಲೋ ಬದುಕುತ್ತಿದ್ದೀರಿ, ಕಥೆ ಮಾತ್ರ ಊರು ಬಿಟ್ಟ ವರ್ಷದಲ್ಲೇ ಕುಳಿತಿದೆ. ಕಥೆಯಲ್ಲಿ ಹಿಂದಿನ ಕಾಲ ಇರಬಾರದೆಂದಲ್ಲ. ಹಿಂದಿನ ಕಾಲವೆಂದು ಗೊತ್ತಿದ್ದು ಬರೆಯುವುದು ಬೇರೆ, ಇಂದಿನದೆಂದು ತಿಳಿದು ಅಂದಿನದನ್ನು ಬರೆಯುವುದು ಬೇರೆ.

ಒಂದು ಚಿಕ್ಕ ಉದಾಹರಣೆ. ಹೆಂಗಸೊಬ್ಬಳು ಸಾರಿಗೆ ಸಂಸ್ಥೆಯ ಕೆಂಪು ಬಸ್ಸು ಹತ್ತಿ, ಸೆರಗಿನ ಗಂಟು ಬಿಚ್ಚಿ, ಚಿಲ್ಲರೆ ಎಣಿಸಿ ಕಂಡಕ್ಟರಿಗೆ ಕೊಡುತ್ತಾಳೆ ಎಂದು ಇಂದಿನ ಕಥೆಯಲ್ಲಿ ಬರೆದಿದ್ದೀರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಆಕೆ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾಳೆ. ತಿದ್ದಬೇಕಾದದ್ದು ಈ ಒಂದು ವಿವರ ಮಾತ್ರವಲ್ಲ. ಗಂಡನ ಬಳಿ ಬಸ್ಸಿನ ದುಡ್ಡು ಕೇಳಬೇಕಿಲ್ಲದ ಹೆಂಗಸು ತವರಿಗೆ ಹೊರಡುವಾಗ ಮನೆಯಲ್ಲಿ ನಡೆಯುವ ಮಾತೇ ಬದಲಾಗಿರುತ್ತದೆ. ಹೊಸ ಕಥೆ ಅಲ್ಲಿದೆ, ಸೆರಗಿನ ಗಂಟಿನಲ್ಲಿ ಅದು ಸಿಕ್ಕುವುದಿಲ್ಲ.

ಸಂಭಾಷಣೆಯದೂ ಇದೇ ಕಥೆ. ಧಾರವಾಡವೋ ಕುಂದಾಪುರವೋ ಚಾಮರಾಜನಗರವೋ, ಊರು ಬಿಟ್ಟು ಹದಿನೈದು ವರ್ಷವಾದವರ ಕಿವಿಯಲ್ಲಿ ಉಳಿದಿರುವುದು ಅಜ್ಜ ಅಜ್ಜಿಯರ ಮಾತು. ಇಪ್ಪತ್ತರ ಹುಡುಗನ ಬಾಯಲ್ಲಿ ಅದನ್ನು ಹಾಕಿದರೆ ಮಾತು ಸುಳ್ಳಾಗುತ್ತದೆ. ಅದನ್ನು ತಪ್ಪಿಸಲು ಹೋದವರು ಧಾರಾವಾಹಿಯ ಎಲ್ಲೂ ಇಲ್ಲದ ಕನ್ನಡಕ್ಕೆ ಬಂದು ಸೇರುತ್ತಾರೆ. ರಿಪೇರಿಗೆ ಓದು ಸಾಲದು. ಊರಿಗೆ ಹೋದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಂದು ಚಹಾ ಹೇಳಿ ಸುಮ್ಮನೆ ಕುಳಿತುಕೊಳ್ಳಿ. ಪದಗಳಿಗಿಂತ ಹೆಚ್ಚಾಗಿ ಯಾರು ಯಾರ ಮಾತನ್ನು ಎಲ್ಲಿ ತುಂಡರಿಸುತ್ತಾರೆ, ಸಾಲದ ವಿಷಯ ಬಂದಾಗ ದನಿ ಎಲ್ಲಿ ತಗ್ಗುತ್ತದೆ, ಅಣ್ಣ ಎನ್ನುವವರು ಸಿಟ್ಟು ಬಂದಾಗ ಏನನ್ನುತ್ತಾರೆ ಎಂಬುದನ್ನು ಗಮನಿಸಿ. ಊರಿಗೆ ಹೋಗಲಾಗದವರು ಇರುವ ಜಾಗವನ್ನೇ ಬರೆಯಲಿ. ಅಪಾರ್ಟ್‌ಮೆಂಟಿನ ಕಾವಲುಗಾರನಿಗೂ ಲಿಫ್ಟಿನಲ್ಲಿ ಅವನನ್ನು ನೋಡಿಯೂ ನೋಡದಂತೆ ನಿಲ್ಲುವವರಿಗೂ ನಡುವೆ ನಡೆಯುವುದು ಕನ್ನಡದಲ್ಲಿ ಬೇಕಾದಷ್ಟು ಬಂದಿಲ್ಲ ಎಂಬುದು ನನ್ನ ಅನಿಸಿಕೆ.

ಲಕ್ಷಣ 5: ಬರೆದದ್ದನ್ನು ಕಳುಹಿಸುತ್ತಿಲ್ಲ

ಕಥೆ ಮುಗಿದು ಆರು ತಿಂಗಳಿಂದ ಕಂಪ್ಯೂಟರಿನಲ್ಲಿದೆ. ಪ್ರತಿ ವಾರ ಒಂದು ಅಲ್ಪವಿರಾಮ ತೆಗೆಯುತ್ತೀರಿ, ಮುಂದಿನ ವಾರ ಮತ್ತೆ ಹಾಕುತ್ತೀರಿ. ಅದು ತಿದ್ದುಪಡಿಯಲ್ಲ, ಬಾಗಿಲಿನಲ್ಲಿ ನಿಂತು ಚಪ್ಪಲಿ ಹುಡುಕುವುದು. ಇದರಿಂದ ಮುಂದಿನ ಕಥೆಗೂ ತಡೆ ಬೀಳುತ್ತದೆ, ಆದ್ದರಿಂದ ಬೇಗ ಮುಗಿಸಿ.

ನಡುವಿನ ವರ್ಷಗಳಲ್ಲಿ ಕೆಲವು ಪತ್ರಿಕೆಗಳು ನಿಂತಿವೆ, ಕೆಲವು ಪುಟ ಕಡಿಮೆ ಮಾಡಿವೆ, ಹಳೆಯ ವಿಳಾಸಗಳು ಬದಲಾಗಿವೆ. ಹೊಸ ಸಂಚಿಕೆಯನ್ನು ಕೊಂಡು, ಅದರಲ್ಲಿ ಅಚ್ಚಾದ ಕಥೆ ಎಷ್ಟು ಪದವಿದೆ ಎಂದು ನೋಡಿ. ನಿಮ್ಮ ಕಥೆ ಅದರ ಎರಡರಷ್ಟಿದ್ದರೆ ಓದುವ ಮೊದಲೇ ಪಕ್ಕಕ್ಕೆ ಹೋಗುತ್ತದೆ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಸ್ಪರ್ಧೆಗೆ ಪ್ರಕಟಣೆ ಹಬ್ಬಕ್ಕಿಂತ ಎಷ್ಟೋ ಮುಂಚೆ ಬರುತ್ತದೆ, ಹಬ್ಬದ ತಿಂಗಳಲ್ಲಿ ಹುಡುಕಿದರೆ ಸಿಗುವುದು ಫಲಿತಾಂಶ. ಪ್ರಕಟಣೆಯಲ್ಲಿ ಪದಮಿತಿ, ಕಡತದ ಬಗೆ, ಬೇರೆಡೆ ಪ್ರಕಟವಾಗಿರಬಾರದೆಂಬ ಷರತ್ತು ಇರುತ್ತವೆ. ಜಾಲತಾಣದಲ್ಲಿ ಹಾಕಿದ ಕಥೆಯನ್ನೂ ಪ್ರಕಟಿತವೆಂದೇ ಎಣಿಸುವವರಿದ್ದಾರೆ, ಆದ್ದರಿಂದ ಮೆಚ್ಚುಗೆಯ ಆಸೆಗೆ ಫೇಸ್‌ಬುಕ್ಕಿನಲ್ಲಿ ಮೊದಲೇ ಹಾಕಿಬಿಡಬೇಡಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸುವುದೂ ಬೇಡ. ಕಳುಹಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ ಒಂದು ಸಾಲಿನ ಪತ್ರ ಬರೆದು ಕಥೆಯನ್ನು ಹಿಂಪಡೆದುಕೊಂಡು ಬೇರೆ ಕಡೆಗೆ ಕಳುಹಿಸಿ.